ಎಂಟು ಕಾಲಿನ ಕೋಳಿ

ಕಳೆದ ವರ್ಷ ಜೂನ್ ತಿಂಗಳ ಮೂರನೆಯ ಭಾನುವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ, ಖಾನಾಪುರ ತಾಲ್ಲೂಕಿನ ನಂದಗಡದ ಹತ್ತಿರ ಒಂದು ಹೊಲದ ಮನೆಯ ಅಂಗಳದಲ್ಲಿ, ವಿಜ್ಞಾನಕ್ಕೆ ಅಲ್ಲಿಯವರೆಗೆ ಗೊತ್ತಿರದ ಒಂದು ಜೇಡ ಜಾತಿಯ, ಕೈಗೆ ಸಿಕ್ಕಿದ್ದ ಏಕೈಕ ಗಂಡು ಇಲ್ಲವಾಯಿತು. ಪ್ರತ್ಯಕ್ಷದರ್ಶಿಗಳು ಮೂವರು. ಹೊಣೆಗಾರ ಒಬ್ಬ. ಈ ವರದಿ ಬರೆಯುತ್ತಿರುವವನೂ ಅವನೇ.

ಬೆಳಗಾವಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತನಾದವನು ನಾನು. ಅಷ್ಟು ವರ್ಷಗಳಲ್ಲಿ ನನ್ನ ಹೆಸರು ಒಮ್ಮೆಯೂ ಅಚ್ಚಾಗಲಿಲ್ಲ. ಬೇರೆಯವರ ಹೆಸರಿನ ಕಾಗುಣಿತ ಒಮ್ಮೆಯೂ ತಪ್ಪಲಿಲ್ಲ. ಬಸ್ಸು ಹಳ್ಳಕ್ಕೆ ಬಿತ್ತೆಂದು ಫೋನು ಬಂದರೆ, ಯಾವ ಹಳ್ಳ, ಎಷ್ಟು ಆಳ, ನೀವು ಕಣ್ಣಾರೆ ಕಂಡಿರಾ ಎಂದು ಕೇಳಿ, ಇನ್ನೊಬ್ಬರಿಂದ ಖಚಿತಪಡಿಸಿಕೊಂಡ ಮೇಲೆಯೇ ಅದು ಸುದ್ದಿ. ಹೀಗಾಗಿ ನನ್ನ ಕೈಯಿಂದ ತಪ್ಪು ಸುದ್ದಿ ಹೊರಡುವುದು ಅಸಾಧ್ಯ ಎಂಬ ನಂಬಿಕೆ ನನಗಿತ್ತು. ನನಗೊಬ್ಬನಿಗೇ ಇತ್ತು ಎಂದು ಹೆಂಡತಿ ಗಿರಿಜಾ ಹೇಳುತ್ತಾಳೆ.

ನಿವೃತ್ತಿಯ ನಂತರ ಕ್ಯಾಮೆರಾ ಹಿಡಿದು ಹುಳಹುಪ್ಪಟೆಗಳ ಹಿಂದೆ ಬಿದ್ದೆ. ಪರಶುರಾಮ ಎಂಬ ರೈತನ ಹೊಲದ ಒಡ್ಡಿನಲ್ಲಿ ಎಂಟಾಣೆಯಷ್ಟು ಅಗಲದ ಒಂದು ಮಣ್ಣಿನ ಮುಚ್ಚಳ ಕಂಡಿತು. ಕಡ್ಡಿಯಿಂದ ಮೆಲ್ಲಗೆ ಎತ್ತಿದರೆ, ಒಳಗಿನಿಂದ ಯಾರೋ ಎಳೆದು ಮುಚ್ಚಿಕೊಂಡರು. ಮೂವತ್ತು ವರ್ಷದಲ್ಲಿ ಎಷ್ಟೋ ಅಧಿಕಾರಿಗಳು ನನ್ನ ಮುಖದ ಮೇಲೆ ಬಾಗಿಲು ಹಾಕಿದ್ದಾರೆ. ಜೇಡ ಹಾಕಿದ್ದು ಅದೇ ಮೊದಲು.

ಫೋಟೊವನ್ನು ಮೈಸೂರು ಕಡೆಯ ಒಬ್ಬ ಜೇಡ ತಜ್ಞೆಗೆ ಕಳಿಸಿದೆ. ಮೇಡಂ ಅನುಮತಿ ಪತ್ರಗಳೊಂದಿಗೆ ಬಂದು, ಎರಡು ಹೆಣ್ಣು ಜೇಡಗಳನ್ನು ತೆಗೆದುಕೊಂಡು ಹೋಗಿ, ಮೂರು ತಿಂಗಳು ಸೂಕ್ಷ್ಮದರ್ಶಕದ ಮುಂದೆ ಕುಳಿತು ತಿಳಿಸಿದರು: ಇದು ಹೊಸ ಜಾತಿ. ಗಾಳಿಯಲ್ಲಿ ಬಲೆ ಕಟ್ಟುವುದನ್ನು ಜೇಡಗಳು ಇನ್ನೂ ಕಲಿಯದಿದ್ದ ಕಾಲದ ವಂಶ. ಬಿಲ ತೋಡಿ, ಬಾಗಿಲು ಹಚ್ಚಿಕೊಂಡು ಬದುಕುತ್ತದೆ. ಆದರೆ ವರ್ಣನೆ ಪೂರ್ತಿಯಾಗಲು ಗಂಡು ಬೇಕು. ಗಂಡು ವರ್ಷವಿಡೀ ಬಿಲದಲ್ಲಿದ್ದು, ಮೊದಲ ಮಳೆಗೆ ಹೆಣ್ಣನ್ನು ಹುಡುಕುತ್ತ ಹೊರಬೀಳುತ್ತದೆ. ಕೆಲವೇ ದಿನಗಳಲ್ಲಿ ಸಾಯುತ್ತದೆ. ಅದರ ಮುಂಗಾಲಿನಲ್ಲಿ ಒಂದು ಮುಳ್ಳಿರುತ್ತದೆ, ಅದೇ ಗುರುತು. ಗೋವಾ ಗಡಿಯ ಆಚೆ ಇನ್ನೊಂದು ತಂಡವೂ ಇದೇ ಜೇಡದ ಬೆನ್ನು ಹತ್ತಿತ್ತು. ಜೂನ್ ಮುಗಿಯುವುದರೊಳಗೆ ಪ್ರಬಂಧ ಕಳಿಸಲೇಬೇಕು.

“ನೀವು ಗಂಡು ಹುಡುಕಿಕೊಟ್ಟರೆ, ಲೇಖಕರಲ್ಲಿ ನಿಮ್ಮ ಹೆಸರೂ ಇರುತ್ತೆ,” ಎಂದರು ಮೇಡಂ.

ಅಂದಿನಿಂದ ನನ್ನ ನಿದ್ದೆ ಹೋಯಿತು. ಮೋಡ ಕಂಡರೆ ಎದೆ ಬಡಿದುಕೊಳ್ಳುತ್ತಿತ್ತು. ಮೋಡ ಕಾಣದಿದ್ದರೆ ಇನ್ನೂ ಜೋರಾಗಿ.

ಇಲ್ಲಿ ಭಾಷೆಯ ಸಂಗತಿಯೊಂದನ್ನು ದಾಖಲಿಸಬೇಕು. ಮೊದಲ ದಿನ ನಾನು ಪರಶುರಾಮನನ್ನು ಇಲ್ಲಿ ಜೇಡ ಇದೆಯೇ ಎಂದು ಕೇಳಿದ್ದೆ. ಇದೆಯೆಂದು ಸಂತೋಷದಿಂದ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ, ಒಂದು ಹೆಂಟೆ ಜೇಡಿಮಣ್ಣು ಕೈಗಿಟ್ಟಿದ್ದ. ಗಡಿಗೆಗೆ ಇದಕ್ಕಿಂತ ಒಳ್ಳೆಯ ಮಣ್ಣು ಜಿಲ್ಲೆಯಲ್ಲೇ ಇಲ್ಲವಂತೆ. ಅವನ ಮನೆಮಾತು ಮರಾಠಿ. ಹಳೆಯ ಸಹೋದ್ಯೋಗಿಯೊಬ್ಬರನ್ನು ಕೇಳಿದಾಗ, ಮರಾಠಿಯಲ್ಲಿ ಜೇಡಕ್ಕೆ ಕೋಳಿ ಅನ್ನುತ್ತಾರೆ ಎಂದರು. ಮರುದಿನ ಪರಶುರಾಮನಿಗೆ ಹಾಗೇ ಹೇಳಿದೆ. ಅವನು ಒಡನೆ ಎಂಟು ಬೆರಳು ಆಡಿಸಿ ತೋರಿಸಿದ. ನನಗೆ ಹೆಮ್ಮೆಯಾಯಿತು. ಆಮೇಲೆ ಐದು ತಿಂಗಳು ನಾವಿಬ್ಬರೂ ಕೋಳಿಯ ಬಿಲ, ಕೋಳಿಯ ಬಾಗಿಲು, ಕೋಳಿಯ ರೇಷ್ಮೆ ಎಂದೇ ಮಾತಾಡಿದೆವು. ನನ್ನ ತಲೆಯಲ್ಲಿ ಕೋಳಿಗೆ ಎಂಟು ಕಾಲು ಮೂಡಿಬಿಟ್ಟಿದ್ದವು.

ಜೂನ್ ಎರಡನೆಯ ವಾರ ಮಳೆ ಬಿತ್ತು. ಮಹಾಂತೇಶ ನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಪರಶುರಾಮನಿಗೆ ಫೋನು ಮಾಡಿದೆ. ಎತ್ತಿದವಳು ಅವನ ಹೆಂಡತಿ ಸುನಂದಾ. ಗಂಡ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದಾನೆ, ಫೋನು ಮನೆಯಲ್ಲೇ ಬಿಟ್ಟಿದ್ದಾನೆ ಎಂದಳು. ಚಳಿಗಾಲದಲ್ಲಿ ಮೇಡಂ ಜೊತೆ ನಾನು ಹೋದಾಗ ಆಕೆ ಬಾಣಂತನಕ್ಕೆ ತವರಿನಲ್ಲಿದ್ದಳು. ತವರು ಬೈಲಹೊಂಗಲ, ಅಲ್ಲಿಯದು ಅಚ್ಚ ಕನ್ನಡ. ಈ ಸಂಗತಿ ಮಹತ್ವದ್ದು. ನಾನು ಅದನ್ನು ವಿಚಾರಿಸಲಿಲ್ಲ.

ನನಗೊಂದು ಗಂಡು ಕೋಳಿ ತುರ್ತಾಗಿ ಬೇಕಾಗಿದೆ, ಸಿಕ್ಕರೆ ಜೀವಂತ ಹಿಡಿದು ಡಬ್ಬಿಯಲ್ಲಿ ಮುಚ್ಚಿಡು, ಸ್ಪಿರಿಟ್ಟು ನಾನೇ ತರುತ್ತೇನೆ ಎಂದೆ. ಡಬ್ಬಿ ಸಾಲುವುದಿಲ್ಲ, ಬುಟ್ಟಿ ಬೋರಲು ಹಾಕಿ ಮೇಲೆ ಕಲ್ಲಿಡುತ್ತೇನೆ ಎಂದಳು. ಪಾಪ, ಹುಳಕ್ಕೆ ಇಷ್ಟು ಹೆದರುತ್ತಾಳಲ್ಲ ಅಂದುಕೊಂಡೆ.

ನಮ್ಮದು ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆ. ಮೊಟ್ಟೆ ಹಾಕಿದ ಕೇಕನ್ನೂ ಒಳಗೆ ಬಿಟ್ಟವರಲ್ಲ. ಎದುರು ಮನೆಯವರು ತಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದುದನ್ನು ನಾನು ಗಮನಿಸಿರಲಿಲ್ಲ. ಸಂಜೆಯ ಹೊತ್ತಿಗೆ ಗಿರಿಜಾಗೆ ಸುದ್ದಿ ಮುಟ್ಟಿತು. ನಾನು ಜೇಡದ ವಿಷಯ ವಿವರಿಸಿದೆ. ಆಕೆ ಪೂರ್ತಿ ಕೇಳಿದಳು.

“ಮೂವತ್ತ ವರ್ಷ ಮಂದಿ ಸುದ್ದಿ ಬರದ್ರಿ,” ಎಂದಳು. “ಈಗ ಮಂದಿ ನಿಮ್ಮ ಸುದ್ದಿ ಬರಿಯೂ ಹಂಗ ಮಾಡ್ಕೊಂಡ್ರಿ.”

ಶುಕ್ರವಾರ ಬೆಳಿಗ್ಗೆ ಸುನಂದಾಳ ಫೋನು ಬಂತು. ಗಂಡು ಸಿಕ್ಕಿತ್ತು. ಆದರೂ ಡೆಸ್ಕಿನ ಶಿಸ್ತು ಬಿಡಲಿಲ್ಲ.

“ಗಂಡ ಅಂಬೂದು ಖಾತ್ರಿ ಏನವಾ?”

“ಖರೇನ ಗಂಡ್ರಿ ಕಾಕಾರ. ಅದರಾಗೇನ ಸಂಶಯ?”

“ಬಣ್ಣ?”

“ಕೆಂಪ, ನಡುನಡುವ ಕರೀದು. ಬಿಸಲಾಗ ಮಿಂಚತೈತಿ.”

“ಕಾಲಿಗೆ ಮುಳ್ಳ ಐತೇನ, ಸರಿಯಾಗಿ ನೋಡಿ ಹೇಳ.”

“ನೋಡೂದೇನ್ರಿ, ಇಷ್ಟುದ್ದ ಐತಿ. ಹಿಡಿಯುವಾಗ ನಮ್ಮ ಅತ್ತಿ ಕೈಗಿ ಚುಚ್ಚೈತಿ.”

ಅತ್ತೆಗೆ ಫೋನು ಕೊಡಿಸಿ ವಿಚಾರಿಸಿದೆ. ಗಂಡೇ, ಮುಳ್ಳೂ ಇದೆ, ಕೈಗೆ ಅರಿಶಿನ ಹಚ್ಚಿಕೊಂಡಿದ್ದೇನೆ ಎಂದರು ಅವರು. ಸುದ್ದಿ ಎರಡು ಮೂಲಗಳಿಂದ ಖಚಿತವಾಯಿತು. ಯಾವುದರ ಸುದ್ದಿ ಎಂದು ಮಾತ್ರ ಯಾರೂ ಕೇಳಲಿಲ್ಲ.

ಮೇಡಂಗೆ ಒಂದೇ ಸಾಲು ಕಳಿಸಿದೆ: ‘ಗಂಡು ಸಿಕ್ಕಿದೆ, ಕಾಲಿನ ಮುಳ್ಳು ದೃಢಪಟ್ಟಿದೆ.’ ಅವರು ತರಗತಿಗಳನ್ನು ಬೇರೆಯವರಿಗೆ ಒಪ್ಪಿಸಿ, ಸಿಕ್ಕ ರೈಲು ಹತ್ತಿ ಭಾನುವಾರ ಬೆಳಿಗ್ಗೆ ಬೆಳಗಾವಿಗೆ ಬಂದಿಳಿದರು. ಸಂಜೆಯ ರೈಲಿಗೇ ವಾಪಸು. ನನ್ನ ಹಳೆಯ ಕಾರಿನಲ್ಲಿ ಹೊರಟೆವು. ಖಾನಾಪುರ ದಾಟುವವರೆಗೂ ಎರಡು ವಿಷಯ ನನ್ನನ್ನು ಕಾಡುತ್ತಿದ್ದವು: ನಾವು ಮುಟ್ಟುವ ಮೊದಲೇ ಅದು ಸತ್ತರೆ? ಪ್ರಬಂಧದಲ್ಲಿ ನನ್ನ ಹೆಸರಿನ ಕಾಗುಣಿತ ತಪ್ಪಿದರೆ?

ಅಂಗಳದಲ್ಲಿ ಒಂದು ದೊಡ್ಡ ಬುಟ್ಟಿ ಬೋರಲು ಬಿದ್ದಿತ್ತು, ಮೇಲೊಂದು ಕಲ್ಲು. ಅತ್ತೆ ಹೊಲಕ್ಕೆ ಹೋಗಿದ್ದರು. ಮೇಡಂ ಚೀಲದಿಂದ ಭೂತಗನ್ನಡಿ, ಚಿಮಟ, ಜೇಡ ಕೆಡದಂತೆ ಅದ್ದಿಡಲು ಬೆರಳುದ್ದದ ಸ್ಪಿರಿಟ್ಟು ಸೀಸೆ ತೆಗೆದರು. ಸುನಂದಾ ಸೀಸೆಯನ್ನು ನೋಡಿ, ನಂತರ ನನ್ನನ್ನು ನೋಡಿದಳು. ಬುಟ್ಟಿಯ ಅಂಚು ಸ್ವಲ್ಪ ಎತ್ತಿದಳು.

ಒಳಗಿದ್ದುದು ಹುಂಜ. ಕೆಂಪು, ನಡುನಡುವೆ ಕಪ್ಪು. ಕಾಲಿಗೆ ಮುಳ್ಳಿತ್ತು. ವರದಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಮೇಡಂ ತಮ್ಮ ಸೀಸೆಯನ್ನು ನೋಡಿದರು, ಹುಂಜವನ್ನು ನೋಡಿದರು. ನಾನು ಬೆವರುತ್ತ ಮರಾಠಿಯ ಕೋಳಿ, ಕನ್ನಡದ ಕೋಳಿ ಎಂದು ತೊದಲಿದೆ. ಸುನಂದಾಗೆ ನನಗಿಂತ ಬೇಗ ಅರ್ಥವಾಯಿತು.

“ಗಂಡ ಕೋಳಿ ಅಂದ್ರಿ. ಹುಂಜ ಅನ್ನಾಕ ಬರೂದಿಲ್ಲೇನೋ, ಪ್ಯಾಟಿ ಮಂದಿ, ಅನ್ಕೊಂಡ್ನಿ. ನಿಮ್ಮ ಹಣಿ ಮ್ಯಾಲಿನ ಇಬತ್ತಿ ನೋಡಿದ್ರ ತಿನ್ನೂ ಮಂದಿ ಅನಸೂದಿಲ್ಲ. ಮನ್ಯಾಗ ಗೊತ್ತಾಗಬಾರದಂತ ಇಲ್ಲಿ ಮಟಾ ಬಂದಾರ ಅಂತ ಮಸಾಲಿ ಸುದ್ದಾ ಅರದೀನ್ರಿ.”

ಮೇಡಂ ಮೊಬೈಲಿನಲ್ಲಿದ್ದ ಹೆಣ್ಣು ಜೇಡದ ಚಿತ್ರ ತೋರಿಸಿದರು. ಗಂಡು ಇದಕ್ಕಿಂತ ಸಣ್ಣದು, ಕಾಲು ಉದ್ದ ಎಂದರು. ಸುನಂದಾ ಒಂದು ಕ್ಷಣವೂ ಯೋಚಿಸಲಿಲ್ಲ.

“ಈ ಹುಳಾ ಏನ್ರಿ? ಮಳಿ ಬಿದ್ದಾಗಿಂದ ನೀರಿನ ಟಾಕ್ಯಾಗ ಬೀಳಾಕ ಹತ್ಯಾವ. ಮುಂಜಾನೆ ಎರಡ ತಗದ ಒಗದ್ನಿ.”

ಮೂವರೂ ಟಾಕಿಗೆ ಓಡಿದೆವು. ಒಂದು ತೇಲುತ್ತಿತ್ತು. ಸುನಂದಾ ತೆಂಗಿನ ಕರಟದಲ್ಲಿ ಎತ್ತಿ ತಂದು, ನೀರು ಬಸಿದು ಅಂಗಳದ ಒಣ ನೆಲದ ಮೇಲೆ ಬಿಟ್ಟಳು. ಅದು ಕಾಲು ಮಡಚಿಕೊಂಡು ಬಿದ್ದಿತ್ತು. ನಾನು ಮೊಣಕಾಲೂರಿ ಭೂತಗನ್ನಡಿ ಹಿಡಿದೆ. ಮುಂಗಾಲು. ಮುಳ್ಳು. ಮೇಡಂ ಕಡೆ ತಲೆ ಆಡಿಸಿದೆ. ಅವರು ಸೀಸೆಯ ಮುಚ್ಚಳ ತಿರುಗಿಸತೊಡಗಿದರು.

ಆಗ ಜೇಡ ಕಾಲು ಚಾಚಿತು. ಎದ್ದಿತು. ಗೋಡೆಯ ಬಿರುಕಿನ ಕಡೆ ಎರಡು ಹೆಜ್ಜೆ ಓಡಿತು.

ನನಗೆ ದಿಕ್ಕು ತೋಚಲಿಲ್ಲ. ಮುಚ್ಚಲು ಏನಾದರೂ ಬೇಕಿತ್ತು. ಕೈಗೆಟಕುವಷ್ಟು ಹತ್ತಿರ ಬುಟ್ಟಿಯಿತ್ತು. ಕಲ್ಲು ನೂಕಿ ಬುಟ್ಟಿಯನ್ನು ಎತ್ತಿದೆ.

ಆ ಕ್ಷಣದ ಸ್ಥಿತಿ ಹೀಗಿತ್ತು: ಬುಟ್ಟಿ ನನ್ನ ಕೈಯಲ್ಲಿ, ನೆಲದಿಂದ ಮೂರು ಅಡಿ ಎತ್ತರದಲ್ಲಿ. ಜೇಡ ನೆಲದ ಮೇಲೆ. ಹುಂಜವೂ ನೆಲದ ಮೇಲೆ. ಹುಂಜ ಬೆಳಗಿನಿಂದ ಉಪವಾಸವಿತ್ತು.

ಒಂದೇ ಕುಕ್ಕು.

ಮೇಡಂ ಚಿಮಟದಿಂದ ನೆಲದಲ್ಲಿ ಉಳಿದದ್ದನ್ನು ಎತ್ತಿದರು. ಒಂದು ಕಾಲು. ಹಿಂಗಾಲು. ಮುಳ್ಳು ಇರುವುದು ಮುಂಗಾಲಿನಲ್ಲಿ.

ಸುನಂದಾ ನನ್ನ ಮುಖ ನೋಡಿ ಮರುಗಿದಳು. “ಈಗಿಂದೀಗ ಕೊಯ್ದ್ರ ಸಿಗತೈತೇನ ನೋಡ್ರಿ ಬಾಯಾರ,” ಎಂದು ಮೇಡಂಗೆ ಹೇಳಿದಳು. ಅದು ಅರ್ಥವಿಲ್ಲದ ಮಾತಾಗಿರಲಿಲ್ಲ. ಹಕ್ಕಿಯ ಕೊರಳಲ್ಲಿ ಒಂದು ಚೀಲವಿರುತ್ತದೆಯಂತೆ. ನುಂಗಿದ್ದು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ, ಹತ್ತು ನಿಮಿಷದೊಳಗೆ ತೆರೆದರೆ ಬೇಕಾದ ಭಾಗ ಉಳಿದಿರಬಹುದು ಎಂದರು ಮೇಡಂ. ಅವರು ನನ್ನನ್ನು ನೋಡಿದರು. ಸುನಂದಾ ಕುಡುಗೋಲು ತಂದಳು. ಹುಂಜವನ್ನು ಹಿಡಿಯುವವರು ಬೇಕಿತ್ತು. ಅಂಗಳದಲ್ಲಿ ಕೈ ಖಾಲಿಯಿದ್ದವನು ನಾನೊಬ್ಬನೇ.

ನನ್ನ ಎದೆಯ ಮೇಲೆ ಲಿಂಗವಿತ್ತು. ಕಣ್ಣ ಮುಂದೆ ಅಚ್ಚಾದ ನನ್ನ ಹೆಸರಿತ್ತು. ಬಸವಣ್ಣನವರ ಮಾತು ದಯೆಯ ಬಗ್ಗೆ ಸ್ಪಷ್ಟವಾಗಿದೆ. ಪ್ರಬಂಧದ ಗಡುವೂ ಅಷ್ಟೇ ಸ್ಪಷ್ಟವಾಗಿತ್ತು. ಬೇಡ ಎನ್ನಲು ಬಾಯಿ ತೆರೆದೆ, ಹೂಂ ಎನ್ನಲು ಮತ್ತೆ ತೆರೆದೆ. ಹೀಗೆ ನಾಲ್ಕು ನಿಮಿಷ ಕಳೆದವು.

“ಕಾಕಾರ,” ಎಂದಳು ಸುನಂದಾ, “ನೀವು ವಿಚಾರ ಮಾಡೂದ ಮುಗಿಸ್ರಿ. ಅದು ಮ್ಯಾಲ ಹೋತು.”

ಹುಂಜ ಹೆಂಚಿನ ಮಾಡಿನ ತುದಿಯಲ್ಲಿ ಕೂತಿತ್ತು. ನಾನು ದಯೆ ತೋರಿಸಲೂ ಇಲ್ಲ, ಧೈರ್ಯ ತೋರಿಸಲೂ ಇಲ್ಲ. ಕರೆದೆವು, ಕಾಳು ಎರಚಿದೆವು, ಗಳ ಆಡಿಸಿದೆವು. ಮೇಡಂ ರೈಲಿಗೆ ಹೊರಡುವ ಹೊತ್ತಾದರೂ ಅದು ಇಳಿಯಲಿಲ್ಲ.

ಸ್ಟೇಷನ್ನಿನಲ್ಲಿ ಇಳಿಯುವಾಗ ಮೇಡಂ ಮೊದಲ ಬಾರಿಗೆ ಅದರ ಬಗ್ಗೆ ಮಾತಾಡಿದರು. “ಇನ್ನೂ ಒಂಬತ್ತು ದಿನ ಇದೆ,” ಎಂದರು.

ಒಂಬತ್ತು ದಿನವೂ ನಾನು ನಂದಗಡಕ್ಕೆ ಹೋದೆ. ಟಾಕಿಯಲ್ಲಿ ಕಪ್ಪೆ ಸಿಕ್ಕವು, ಎಲೆ ಸಿಕ್ಕವು, ಒಂದು ಚಪ್ಪಲಿ ಸಿಕ್ಕಿತು. ಏಳನೆಯ ದಿನ ಪರಶುರಾಮ ಗೋವಾದಿಂದ ಬಂದ. ಎಲ್ಲವನ್ನೂ ಕೇಳಿ, ನಗು ತಡೆಯಲಾರದೆ ಒಡ್ಡಿನ ಹಿಂದೆ ಹೋಗಿ ಬಂದು, ನನ್ನೊಂದಿಗೆ ಮಳೆಯಲ್ಲಿ ಸಂಜೆಯವರೆಗೆ ಹುಡುಕಿದ. ಜೂನ್ ಕೊನೆಯ ದಿನ ಮೇಡಂ ಪ್ರಬಂಧ ಕಳಿಸಿದರು. ಆಚೆಯ ತಂಡಕ್ಕಿಂತ ಮೊದಲೇ ಮುಟ್ಟಿತು.

ಪ್ರಬಂಧ ಈ ವರ್ಷ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಲೇಖಕರ ಜಾಗದಲ್ಲಿ ಒಂದು ಹೆಸರಿದೆ. ಅದು ಮೇಡಂ ಅವರದು. ಹೆಣ್ಣಿನ ಕಣ್ಣು, ದವಡೆ, ಕಾಲು, ಬಿಲ, ಬಾಗಿಲುಗಳ ವರ್ಣನೆ ಒಂಬತ್ತು ಪುಟಗಳಲ್ಲಿದೆ. ಅದಾದ ಮೇಲೆ ‘ಗಂಡು’ ಎಂಬ ಉಪಶೀರ್ಷಿಕೆ. ಅದರ ಮುಂದೆ ಇರುವುದು ಒಂದೇ ಪದ: ತಿಳಿದಿಲ್ಲ.