ಗ್ರಂಬೆಲ್ಲಾ ಮಾಟಗಾತಿಯ ತಿಥಿ

ಒಂಬತ್ತು ಕಾದಂಬರಿಗಳ ಉದ್ದಕ್ಕೂ ಬಾಯಿ ಮುಚ್ಚದ ಗ್ರಂಬೆಲ್ಲಾ ಮಾಟಗಾತಿಯನ್ನು ಹತ್ತನೆಯದರಲ್ಲಿ, ಅಂದರೆ ಸರಣಿಯ ಕಟ್ಟಕಡೆಯ ಪುಸ್ತಕದಲ್ಲಿ, ಕೊಂದೇ ತೀರುವೆನೆಂದು ಕಾದಂಬರಿಕಾರ ಬಾರ್ನಬಿ ಥ್ವೇಟ್ ಭೀಷ್ಮಪ್ರತಿಜ್ಞೆ ಮಾಡಿದ. ಗ್ರಂಬೆಲ್ಲಾ ಬೇರಾರೂ ಅಲ್ಲ, ಅವನ ಮನೆಯಲ್ಲೇ ಬೀಡುಬಿಟ್ಟ ಅತ್ತೆ ಹೆಸ್ಟರ್ ಎಂಬುದು ಯಾರ್ಕ್‌ಷೈರಿನ ಆ ಬೀದಿಗೆಲ್ಲ ಗೊತ್ತಿತ್ತು. ಆ ಪುಸ್ತಕಗಳಲ್ಲಿ ಮಾಟಗಾತಿ ಕೆಮ್ಮಿದರೆ ನಡುಗುವ ಅಳಿಯ, ದಡ್ಡ ಮಂತ್ರವಾದಿ ಟಾಬಿನ್, ಸಾಕ್ಷಾತ್ ಬಾರ್ನಬಿಯೇ! ಮನೆಯಲ್ಲಿ ಒಂದು ದಿನವೂ ಗೆಲ್ಲದವನಿಗೆ ಪುಸ್ತಕದಲ್ಲಾದರೂ ಗೆಲ್ಲಲು ಇದೇ ಕೊನೆಯ ಅವಕಾಶ. ಅತ್ತೆಗೊಂದು ಕಾಲವಾದರೆ ಅಳಿಯನಿಗೂ ಒಂದು ಕಾಲ ಬೇಡವೇ?

"ಗ್ರಂಬೆಲ್ಲಾ ಸತ್ತಳು," ಎಂದ, ಬೆಳಗಿನ ಟೋಸ್ಟಿಗೆ ಬೆಣ್ಣೆ ಸವರುತ್ತ. "ಮೂರನೇ ಅಧ್ಯಾಯದಲ್ಲೇ. ನೆಗಡಿ ಬಂದು."

ಹೆಸ್ಟರ್ ಚಹಾದ ಕಪ್ಪು ಕೆಳಗಿಟ್ಟಳು. "ನೆಗಡಿನಾ?"

"ನೆಗಡಿನೇ. ಒಂದಕ್ಷರಾನೂ ಬದಲಾಯಿಸಲ್ಲ, ಅತ್ತೆ."

"ಬದಲಾಯಿಸು ಅಂದೋರು ಯಾರು? ಸತ್ತೋರನ್ನ ಮರ್ಯಾದೆಯಾಗಿ ಕಳಿಸ್ಕೊಡ್ಬೇಕು, ಅಷ್ಟೇ."

ಮರುದಿನ ಮಧ್ಯಾಹ್ನ ಬಾರ್ನಬಿ ವಾಯುವಿಹಾರ ಮುಗಿಸಿ ಬಂದರೆ ಮನೆಯ ಪರದೆಗಳೆಲ್ಲ ಇಳಿಬಿದ್ದಿದ್ದವು. ಒಳಗೆ ಬೀದಿಗೆ ಬೀದಿಯೇ ಕಪ್ಪು ಬಟ್ಟೆ ತೊಟ್ಟು ನೆರೆದಿತ್ತು. ಮೇಜಿನ ಮೇಲೆ ಸಾವಿನ ಮನೆಯ ಸಕಲ ಸಂಭಾರ: ಹ್ಯಾಮ್ ಸ್ಯಾಂಡ್‌ವಿಚ್, ಶೆರ್ರಿ ವೈನ್, ದೊಡ್ಡ ಬೋಗುಣಿ ತುಂಬ ಕಸ್ಟರ್ಡ್ ಸುರಿದ ಟ್ರೈಫಲ್ ಎಂಬ ಸಿಹಿ. ಬಾಗಿಲಲ್ಲಿ ಕರಿ ಟೋಪಿಯ ಹೆಸ್ಟರ್ ನಿಂತು, ತನ್ನದೇ ಸಾವಿಗೆ ತಾನೇ ಸಂತಾಪ ಸ್ವೀಕರಿಸುತ್ತಿದ್ದಳು!

"ಕಲ್ಲುಗುಂಡಿನ ಹಾಗಿದ್ಲು ಪಾಪ," ಎಂದಳು ಪಕ್ಕದ ಮನೆಯ ಮಿಸೆಸ್ ಒಲೆರೆನ್ಷಾ, ಬಾರ್ನಬಿಗೆ ಕೇಳಲೆಂದೇ. "ನೆಗಡಿಯಂತೆ. ಮುಗಿಸಿದೋನು ಇವ್ನೇ ಅಂತೆ."

ಬಾರ್ನಬಿಯ ನೆತ್ತರು ಕುದಿಯಿತು. ಅಲ್ಲೇ ಇದ್ದ ಸ್ಟೂಲು ಹತ್ತಿ ನಿಂತ.

"ಮಾಟಗಾತಿ ನನ್ನೋಳು, ಪುಸ್ತಕ ನಂದು! ಊರೇ ತಲೆಕೆಳಗಾಗ್ಲಿ, ಅವಳು ಸತ್ತಿದ್ದು ಸತ್ತಿದ್ದೇ."

"ಬಾರ್ನಬಿ, ಇಳಿ ಕೆಳಗೆ," ಎಂದಳು ಹೆಂಡತಿ ರೋವೆನಾ. "ಅದರ ಕಾಲು ಸರಿಯಿಲ್ಲ."

"ಇಳಿಯಲ್ಲ!"

ಇಳಿಯಲಿಲ್ಲ, ಬಿದ್ದ. ನೇರ ಟ್ರೈಫಲಿನೊಳಕ್ಕೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಕಸ್ಟರ್ಡ್ ಆಯಿತು ಅಷ್ಟೆ. ಶೋಕಕ್ಕೆ ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಅವನಿಗೆ ಅಳುವೇ ಬಂತು.

"ಆಯ್ತು ಅತ್ತೆ," ಎಂದ, ಕಣ್ಣು ಒರೆಸಿಕೊಳ್ಳುತ್ತ. "ಬದುಕಿಸ್ತೀನಿ."

"ಅಯ್ಯೋ ಮಂಕೇ, ಬದುಕಿಸು ಅಂದೋರು ಯಾರು? ಸಾಯ್ಲಿ. ಆದ್ರೆ ನೆಗಡಿಗೆ ಸಾಯೋ ಹೆಂಗಸಲ್ಲ ನಾನು. ಡ್ರ್ಯಾಗನ್ ಮೇಲೆ ಕೂತು, ರಾಜನ ಅರಮನೆಗೆ ಬೆಂಕಿ ಇಟ್ಟು, ಕೊನೇ ಪುಟದಲ್ಲಿ ಸೂರ್ಯನೊಳಗೇ ನುಗ್ಗಿ ಹೋಗ್ತೀನಿ. ಬರ್ಕೋ."

ಬಾರ್ನಬಿಗೆ ಹೋದ ಜೀವ ಬಂದಂತಾಯಿತು. ಸಾಯುತ್ತಾಳೆ! ಒಪ್ಪಿ ಸಾಯುತ್ತಾಳೆ! ಕಸ್ಟರ್ಡ್ ಕೈಯಲ್ಲೇ ಪೆನ್ನು ಹಿಡಿದ. ಬರೆದ ಹಾಗೆಲ್ಲ ಅವನ ಎದೆ ಉಬ್ಬುತ್ತಿತ್ತು.

"ಸೂರ್ಯನೊಳಗೆ... ಹೋದಳು. ಆಮೇಲೆ ಟಾಬಿನ್ ಒಬ್ಬನೇ ಹಾಯಾಗಿ..."

"ಒಬ್ಬನೇ ಯಾಕೆ?" ಎಂದಳು ಹೆಸ್ಟರ್, ಸ್ಯಾಂಡ್‌ವಿಚ್ ಕಚ್ಚುತ್ತ. "ಅವನೂ ನನ್ನ ಹಿಂದೇನೇ ಕೂತಿರ್ತಾನೆ. ಅಷ್ಟು ದೂರ ನನ್ನ ಕೈಚೀಲ ಹೊರೋರು ಯಾರು?"