ಚಿಕ್ಕಮ್ಮನ ಅಪ್ಪಣೆಯಿಲ್ಲದೆ

ನಮ್ಮ ಚಿಕ್ಕಮ್ಮನಿಗೆ ದೇವರಲ್ಲಿ ನಂಬಿಕೆ ಇದೆ. ಆದರೆ ಪಾಸ್‌ವರ್ಡ್ ಮಾತ್ರ ಅವನಿಗೂ ಹೇಳಿಲ್ಲ! ಬೆಳಿಗ್ಗೆ ದೀಪ ಹಚ್ಚಿ, ಕೃಷ್ಣನ ಪಟಕ್ಕೆ ಕೈಮುಗಿದು ಬಂದು ಕಂಪ್ಯೂಟರಿನ ಮುಂದೆ ಕೂತಳೆಂದರೆ ಎಡಗೈಯನ್ನು ಕೀಲಿಮಣೆಗೆ ಮರೆ ಹಿಡಿದು ಬಲಗೈಯಲ್ಲಿ ಟೈಪು ಮಾಡುತ್ತಾಳೆ. ಮನೆಯಲ್ಲಿರುವುದು ಅವಳೊಬ್ಬಳೇ. ಬೆನ್ನ ಹಿಂದೆ ಇರುವುದು ಕೃಷ್ಣನ ಪಟ ಒಂದೇ. ಹಾಗಾದರೆ ಮರೆ ಯಾರಿಗೆ? ನೀವೇ ಹೇಳಿ!

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಒಂದು ದೊಡ್ಡ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಸರ್ವರುಗಳನ್ನು ಕಾಯುತ್ತಿದ್ದವಳು. ನಿವೃತ್ತಿಯಾದ ಮೇಲೆ ಚೆನ್ನೈಯ ಮಾಧವರಂನ ಕಾಲೊನಿಯಲ್ಲಿ ಮನೆ ಮಾಡಿಕೊಂಡು, ಈಗ ಇಡೀ ಪ್ರಪಂಚವನ್ನು ಕಾಯುತ್ತಿದ್ದಾಳೆ.

ಒಮ್ಮೆ ಪುರಸೈವಾಕ್ಕಂನ ಜವಳಿ ಅಂಗಡಿಯಲ್ಲಿ ಅವಳು ಒಂದು ಟವೆಲು ಕೊಂಡಳು. ಬಿಲ್ಲಿನ ಕೌಂಟರಿನಲ್ಲಿದ್ದ ಹೆಂಗಸು, "ಫೋನ್ ನಂಬರ್ ಸೊಲ್ಲುಂಗ ಮಾ" ಎಂದು ನಂಬರು ಕೇಳಿದಳು.

"ಟವಲುಕ್ಕಾ? ಅದು ಯಾರುಕ್ಕು ಫೋನ್ ಪಣ್ಣಪ್ಪೋಗುದು?" ಎಂದಳು ಚಿಕ್ಕಮ್ಮ.

ಟವೆಲು ಯಾರಿಗೆ ಫೋನ್ ಮಾಡಲಿಕ್ಕಿದೆ ಎಂಬ ಈ ಪ್ರಶ್ನೆಗೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ನಂಬರು ಕೊಡದೆ ಟವೆಲು ಮನೆಗೆ ಬಂತು.

ಅವಳ ಮನೆಗೆ ಪ್ಲಂಬರ್ ಬಂದರೆ ಇನ್ನೂ ಚಂದ. ಬಾಗಿಲಿನಿಂದ ಬಚ್ಚಲಿನವರೆಗೆ ಹಳೆಯ ಪೇಪರು ಹಾಸಿರುತ್ತಾಳೆ. ಅವನು ಅದರ ಮೇಲೆಯೇ ಹೋಗಬೇಕು, ಅದರ ಮೇಲೆಯೇ ಬರಬೇಕು. ಒಂದು ದಿನ ಪಾಪ, ಅವನು ಕುಡಿಯಲು ನೀರು ಕೇಳಿದ. ಅಡುಗೆಮನೆಯ ಕಡೆಗೆ ಪೇಪರು ಹಾಸಿರಲಿಲ್ಲ. ಚಿಕ್ಕಮ್ಮ ನೀರಿನ ಚೊಂಬನ್ನೇ ಪೇಪರಿನ ಅಂಚಿನವರೆಗೆ ತಂದುಕೊಟ್ಟಳು. ಜೊತೆಗೆ ಒಂದು ಬೆಲ್ಲದ ತುಂಡೂ ಕೊಟ್ಟಳೆನ್ನಿ. ಬಚ್ಚಲ ಕೆಲಸಕ್ಕೆ ಬಂದವನಿಗೆ ಬಚ್ಚಲಿನ ದಾರಿ ಸಾಕು ಎಂಬುದು ಅವಳ ಲೆಕ್ಕ. ಅದರಲ್ಲಿ ಸಿಟ್ಟೂ ಇಲ್ಲ, ಅನುಮಾನವೂ ಇಲ್ಲ.

ಇಂಥವಳನ್ನು, ನಮ್ಮ ಕಂಪ್ಯೂಟರನ್ನು ಒಮ್ಮೆ ನೋಡು ಎಂದು, ನಾನಾಗಿಯೇ ನನ್ನ ಹೋಟೆಲಿಗೆ ಕರೆದೆ.

ಪುರಸೈವಾಕ್ಕಂನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲ್ ಇದೆ. ಉಡುಪಿ ಕಡೆಯಿಂದ ಬಂದ ನನ್ನ ಅಪ್ಪನ ಅಪ್ಪ ಶುರುಮಾಡಿದ್ದು. ಇಡ್ಲಿ ದೋಸೆಯ ಜೊತೆಗೆ ಮದುವೆ, ಸೀಮಂತದ ಊಟದ ಆರ್ಡರುಗಳನ್ನೂ ಹಿಡಿಯುತ್ತೇವೆ. ಈಗಿನವರು ಆರ್ಡರು ಕೊಡುವುದು ವೆಬ್‌ಸೈಟಿನಲ್ಲಿ. ಅದನ್ನು ನಡೆಸುವ ಸರ್ವರ್ ಎಂಬ ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕದಲ್ಲಿ ಕೂತಿದೆ. ಚಿಕ್ಕಮ್ಮ ಬಂದವಳು ಅದರ ಮುಂದೆ ಸ್ಟೂಲು ಎಳೆದುಕೊಂಡಳು.

"ಇದಕ್ಕೆ ಕಾವಲು ಉಂಟಾ?"

"ಪಾಸ್‌ವರ್ಡ್ ಉಂಟಲ್ಲ."

"ಅದು ಬೀಗ. ನಾನು ಕೇಳಿದ್ದು ಕಾವಲು. ಬೀಗ ಒಡೆದು ಬಂದವ ಒಳಗೆ ಎಲ್ಲೆಲ್ಲಿ ತಿರುಗ್ಬಹುದು, ಹೇಳು."

ಅವಳು ವಿವರಿಸಿದಳು. ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಫೈಲು ಯಾರದೋ, ಅದನ್ನು ಯಾರು ನೋಡಬಹುದು ಎಂದು ಹೇಳುವವನೂ ಅವನೇ. ಅವಳು ತರಲಿದ್ದ ಕಡ್ಡಾಯದ ಕಾವಲಿನಲ್ಲಿ ಹಾಗಲ್ಲ. ಪ್ರತಿ ಫೈಲಿಗೂ ಒಂದು ಚೀಟಿ, ಓಡುವ ಪ್ರತಿ ಪ್ರೋಗ್ರಾಮಿಗೂ ಒಂದು ಚೀಟಿ. ಯಾವ ಚೀಟಿಯವನು ಯಾವುದನ್ನು ಮುಟ್ಟಬಹುದು ಎಂದು ಮೊದಲೇ ನಿಯಮ ಬರೆದಿಡಬೇಕು. ನಿಯಮದಲ್ಲಿ ಇಲ್ಲದ್ದು ಇಲ್ಲ.

"ನಾನು, ಯಜಮಾನ, ಹೇಳಿದ್ರೆ?"

"ಯಜಮಾನ ಹೇಳಿದ್ರೂ ಇಲ್ಲ."

ನನಗೇನೂ ಆಘಾತವಾಗಲಿಲ್ಲ. ನಮ್ಮ ಅಡುಗೆ ಭಟ್ಟರು ಸಾಂಬಾರಿನ ವಿಷಯದಲ್ಲಿ ಮೊದಲಿನಿಂದಲೂ ಇದೇ ಪದ್ಧತಿ ಇಟ್ಟುಕೊಂಡಿದ್ದಾರೆ!

ಕಾವಲನ್ನು ಅವಳು ತಟ್ಟನೆ ಹಾಕಲಿಲ್ಲ. ಮೊದಲು ಕೆಲವು ದಿನ ಬರೀ ನೋಡುವುದು. ಪ್ರೋಗ್ರಾಮು ಎಲ್ಲಿ ಗೆರೆ ದಾಟಿದರೂ ಕಾವಲು ಅದನ್ನು ಬರೆದಿಡುತ್ತದೆ, ತಡೆಯುವುದಿಲ್ಲ. ಚಿಕ್ಕಮ್ಮ ಪ್ರತಿದಿನ ಫಿಲ್ಟರ್ ಕಾಫಿಯ ಲೋಟ ಹಿಡಿದು ಆ ದಾಖಲೆಯನ್ನು ಓದುತ್ತಿದ್ದಳು. ಒಂದು ದಿನ ಅಲ್ಲಿಂದಲೇ ಕೂಗಿದಳು.

"ಏ, ಮದುವೆ ಊಟದ ಆರ್ಡರ್ ತಕೊಳ್ಳಿಕ್ಕೆ ಈ ಸರ್ವರ್ ನಿನ್ನ ಸ್ವಂತ ಫೋಲ್ಡರಿಗೆ ಎಂತಕ್ಕೆ ಇಣುಕುದು?"

ನನಗೆ ಗೊತ್ತಿಲ್ಲ. ವೆಬ್‌ಸೈಟು ಮಾಡಿಕೊಟ್ಟ ಎಂಜಿನಿಯರನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ಚಿಕ್ಕಮ್ಮ ಆ ದಾರಿ ಮುಚ್ಚಿದಳು. ಆರ್ಡರು ಬರೆಯುವ ಕೆಲಸವನ್ನು ಬೇರೆಯೇ ಒಂದು ಪ್ರೋಗ್ರಾಮಿಗೆ ವಹಿಸಿದಳು. ದೇವಸ್ಥಾನದ ಹುಂಡಿಯ ಹಾಗೆ ಸರ್ವರಿಗೆ ಆರ್ಡರು ಹಾಕಲು ಕಿಂಡಿ ಇದೆ, ತೆಗೆಯಲು ಇಲ್ಲ. ಎಲ್ಲ ಹದಕ್ಕೆ ಬಂತೆಂದು ಕಂಡ ಮೇಲೆ, "ಇನ್ನು ನೋಡುದಲ್ಲ, ತಡೆಯುದೇ" ಎಂದು ಕಾವಲನ್ನು ಪೂರ್ತಿ ಜಾರಿಗೆ ತಂದಳು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ!

ದೀಪಾವಳಿ ಹತ್ತಿರ ಬಂದಿತ್ತು. ಮೈಸೂರುಪಾಕು, ಬಾದುಷಾಗಳ ಚಂದದ ಫೋಟೋ ತೆಗೆಸಿ, ನನ್ನ ಫೋಲ್ಡರಿನಿಂದ ವೆಬ್‌ಸೈಟಿನ ಫೋಲ್ಡರಿಗೆ ಸರಿಸಿದೆ. ಸೈಟಿನಲ್ಲಿ ಮೈಸೂರುಪಾಕು ಇರಬೇಕಾದ ಕಡೆ ಖಾಲಿ ಚೌಕ!

"ನೀನು ಫೈಲನ್ನು ಸರಿಸಿದ್ದು," ಎಂದಳು ಚಿಕ್ಕಮ್ಮ. "ಜಾಗ ಬದಲಾಯ್ತು, ಚೀಟಿ ಬದಲಾಗ್ಲಿಲ್ಲ. ಅದರ ಮೇಲೆ ಇನ್ನೂ ನಿನ್ನ ಫೋಲ್ಡರಿನ ಚೀಟಿಯೇ ಉಂಟು. ಹಾಗಾಗಿ ಸರ್ವರಿಗೆ ಮುಟ್ಲಿಕ್ಕಿಲ್ಲ."

ಇದು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ನಾವು ಮೂರು ತಲೆಮಾರಿನಿಂದ ಚೆನ್ನೈಯಲ್ಲಿದ್ದೇವೆ. ನನ್ನ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ಆದರೂ ಬೀದಿಯವರಿಗೆ ನಾನು 'ಉಡುಪಿಕ್ಕಾರರು'! ಚಿಕ್ಕಮ್ಮ ಒಂದು ಆಜ್ಞೆ ಕೊಟ್ಟು ಆ ಜಾಗಕ್ಕೆ ತಕ್ಕ ಚೀಟಿ ಹಚ್ಚಿದಳು. ಮೈಸೂರುಪಾಕು ಕಾಣಿಸಿತು.

ಮರುದಿನ ಒಂದು ಸೀಮಂತದ ಮನೆಯವರ ಫೋನು. ಆರ್ಡರು ಕೊಟ್ಟರೂ ಒಪ್ಪಿಗೆಯ ಮೇಲ್ ಬಂದಿಲ್ಲ, ಬೇರೆ ಹೋಟೆಲಿಗೆ ಹೋಗಬೇಕೇ ಎಂದು ರೇಗಿದರು. ಆ ಮೇಲ್ ಹಬ್ಬಕ್ಕೆಂದು ಹೊಸದಾಗಿ ಸೇರಿಸಿದ್ದು, ಅದನ್ನು ಕಳಿಸುವ ಅನುಮತಿಯೇ ಸರ್ವರಿಗೆ ಇರಲಿಲ್ಲ! ಓಡಿ ಬಂದ ಎಂಜಿನಿಯರ್ ತಲೆ ಕೆರೆದುಕೊಂಡು, "ಮೇಡಂ, ಎಲ್ಲಾರುಂ ಇದೈ ಆಫ್ ಪಣ್ಣಿಡುವಾಂಗ" ಎಂದ. ಎಲ್ಲರೂ ಈ ಕಾವಲನ್ನು ಆಫ್ ಮಾಡಿಯೇ ಬಿಡುತ್ತಾರಂತೆ. ಹಬ್ಬದ ವ್ಯಾಪಾರದ ಚಿಂತೆಯಲ್ಲಿದ್ದ ನಾನೂ ಅವನ ಪಕ್ಷ ಸೇರಿದೆ.

"ಹಬ್ಬ ಕಳೆಯುವ ತನಕ ಆಫ್ ಮಾಡುವ, ಚಿಕ್ಕಮ್ಮ. ಆಮೇಲೆ ಹಾಕಿದ್ರಾಯ್ತು."

"ಕಳ್ಳರಿಗೆ ಹಬ್ಬದ ರಜೆ ಉಂಟಾ?"

"ಗಿರಾಕಿಗಳು ಹೋಗ್ತಾರೆ!"

"ಒಂದು ಕಿಟಕಿ ಬೇಕಾದ್ರೆ ಕಿಟಕಿ ಕೇಳು, ತೆಗೀತೇನೆ. ಗೋಡೆ ಬೀಳಿಸು ಅಂತ ಹೇಳ್ಬೇಡ."

ಅವಳ ಧ್ವನಿ ಏರಲಿಲ್ಲ. ಮೇಲ್ ಕಳಿಸಲು ಮಾತ್ರ ಅನುಮತಿ ಕೊಟ್ಟಳು. ಸೀಮಂತದ ಮನೆಗೆ ಮೇಲ್ ಹೋಯಿತು. ಅವಳೂ ಚೀಲ ಹೆಗಲಿಗೇರಿಸಿ ಮಾಧವರಂ ಬಸ್ಸು ಹತ್ತಿ ಹೋದಳು. ಆ ದಿನ ಕಾಫಿಯನ್ನೂ ಕುಡಿಯಲಿಲ್ಲ.

ಆದರೂ ವಾರದೊಳಗೆ ಮತ್ತೆ ಬಂದಳು. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಮೂಲೆಯ ಮೇಜಿನಲ್ಲಿ ಕೂತು ಗೋಳಿಬಜೆ ತಿನ್ನುತ್ತಿದ್ದವಳ ಫೋನು ಸದ್ದು ಮಾಡಿತು. ನೋಡಿದಳು.

"ಯಾರೋ ಒಳಗೆ ಬಂದಿದ್ದಾನೆ."

ನಾನು ಹೋಟೆಲಿನ ಬಾಗಿಲ ಕಡೆ ತಿರುಗಿ, ಗಿರಾಕಿಗೆ ಕೊಡುವ ನಗೆ ಬೀರಿದೆ.

"ಅಲ್ಲಿ ಅಲ್ಲ ಮಾರಾಯ, ಸರ್ವರಿಗೆ! ಗಿರಾಕಿಗಳಿಗೆ ಸಮಾರಂಭದ ಫೋಟೋ ಕಳಿಸ್ಲಿಕ್ಕೆ ಸೈಟಿನಲ್ಲಿ ಜಾಗ ಇಟ್ಟಿದ್ದೀಯಲ್ಲ? ಅಲ್ಲಿಂದ ಫೋಟೋದ ಹೆಸರಲ್ಲಿ ಎಂತದೋ ಕಳ್ಳ ಪ್ರೋಗ್ರಾಮ್ ನುಗ್ಗಿಸಿದ್ದಾನೆ. ಈಗ ಅವ ನಿನ್ನ ಸರ್ವರಿನ ವೇಷದಲ್ಲೇ ಇದ್ದಾನೆ."

"ಅಯ್ಯೋ! ಈಗ ಎಂತ ಮಾಡುದು?"

"ಸ್ವಲ್ಪ ಚಟ್ನಿ ಹಾಕ್ಸು."

ಪ್ಲೇಟಿನಲ್ಲಿದ್ದ ಗೋಳಿಬಜೆ ಮುಗಿಸಿ, ಕೈತೊಳೆದು, ಹಿಂದಿನ ಕೋಣೆಗೆ ಹೋಗಿ ಇಂಟರ್ನೆಟ್ಟಿನ ತಂತಿ ಕಿತ್ತಳು. ಆಮೇಲೆ ದಾಖಲೆಯನ್ನು ಓದಿ ಹೇಳತೊಡಗಿದಳು. ಬಂದವನು ಸರ್ವರಿನ ಮೂಲಕ ಇನ್ನೊಂದು ಪ್ರೋಗ್ರಾಮು ಶುರುಮಾಡಲು ನೋಡಿದ್ದಾನೆ. ಅನುಮತಿ ಇಲ್ಲ. ಹೊರಗಿನ ಯಾವುದೋ ವಿಳಾಸಕ್ಕೆ ಏನೋ ಕಳಿಸಲು ನೋಡಿದ್ದಾನೆ. ಅನುಮತಿ ಇಲ್ಲ. ಕೊನೆಗೆ ನನ್ನ ಫೋಲ್ಡರಿಗೆ ಕೈಹಾಕಿದ್ದಾನೆ. ಅದಕ್ಕೂ ಇಲ್ಲ.

ನನ್ನ ಫೋಲ್ಡರಿನಲ್ಲಿ ಏನಿತ್ತೆಂದು ಆಗ ನೆನಪಾಯಿತು. ಮದುವೆ ಮನೆಗಳ ವಿಳಾಸಗಳೆಲ್ಲ ಅಲ್ಲೇ. ಯಾವ ದಿನ ಯಾರ ಊಟ ಯಾವ ಛತ್ರದಲ್ಲಿ ಎಂಬ ವಿವರವೂ ಅಲ್ಲೇ. ಅಂದರೆ ಈ ಊರಿನಲ್ಲಿ ಯಾವ ಮನೆಗೆ ಯಾವ ದಿನ ಬೀಗ ಬಿದ್ದಿರುತ್ತದೆ ಎಂಬುದು ಪೂರ್ತಿ ಅಲ್ಲಿತ್ತು! ನಮ್ಮನ್ನು ನಂಬಿ ಅಡುಗೆ ಒಪ್ಪಿಸಿದವರ ಮನೆಗಳು. ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ.

"ನೀನು ಹೇಳಿದ್ದು ಸರಿ ಆಗಿತ್ತು ಚಿಕ್ಕಮ್ಮ."

"ಮೂಟೆಯಿಂದ ಏಳು. ಅನ್ನ ಮಾಡುವ ಅಕ್ಕಿ ಅದು."

ಸಂಜೆ ಎಂಜಿನಿಯರ್ ಬಂದು ಫೋಟೋ ವಿಭಾಗದ ಬಿರುಕು ಮುಚ್ಚಿದ. ಹೋಗುವಾಗ, "ನಲ್ಲವೇಳೆ ಮೇಡಂ, ಆಫ್ ಪಣ್ಣಲೆ" ಎಂದ, ಪುಣ್ಯಕ್ಕೆ ಆಫ್ ಮಾಡಲಿಲ್ಲ ಎಂದು. ಚಿಕ್ಕಮ್ಮ ಉಪದೇಶ ಮಾಡುತ್ತಾಳೆಂದು ನಾನು ಕಾದೆ. ಅವಳು, "ಸಾಪ್ಟಿಯಾಪ್ಪಾ?" ಎಂದು ಊಟ ಆಯಿತೇ ಕೇಳಿ ಅವನನ್ನು ದೋಸೆಗೆ ಕೂರಿಸಿದಳು.

ಹಬ್ಬದ ಭಾನುವಾರ ಹೋಳಿಗೆ ಕಟ್ಟಿಸಿಕೊಂಡು, ಅಮ್ಮನನ್ನೂ ಕರೆದುಕೊಂಡು ಮಾಧವರಂಗೆ ಹೋದೆ. ಅಮ್ಮನಿಗೆ ಈಚೆಗೆ ಮರೆವು. ನನ್ನ ಹೆಸರು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಹಿಂದಿನ ಸಲ ಚಿಕ್ಕಮ್ಮನನ್ನು ಕಂಡು, "ನೀವು ಯಾರು?" ಎಂದು ಕೇಳಿಬಿಟ್ಟಿದ್ದಳು. ಕಾಫಿ ತರುತ್ತೇನೆಂದು ಒಳಗೆ ಹೋದ ಚಿಕ್ಕಮ್ಮ ಎಷ್ಟು ಹೊತ್ತಾದರೂ ಅಡುಗೆಮನೆಯಿಂದ ಬಂದಿರಲಿಲ್ಲ.

ಈ ಸಲ ಬಾಗಿಲು ತೆರೆದ ತಂಗಿಯನ್ನು ಅಮ್ಮ ಬಹಳ ಹೊತ್ತು ನೋಡಿದಳು.

"ಎಂತದು ನಿನ್ನ ತಲೆ? ಹೀಗೇ ಹೋಗುದಾ ಶಾಲೆಗೆ? ಬೆಲ್ ಆಗ್ತದೆ, ಬಾ ಕೂತ್ಕೋ," ಎಂದಳು.

ಅಕ್ಕತಂಗಿಯರು ಬೆಳೆದದ್ದು ಇದೇ ಊರಿನ ರಾಯಪುರಂನಲ್ಲಿ. ಅಲ್ಲಿ ಬಂದರಿನ ಕೆಲಸದವರಿಗಾಗಿ ಅವರ ಅಪ್ಪ ಅಮ್ಮ ಒಂದು ಮೆಸ್ ನಡೆಸುತ್ತಿದ್ದರು. ಬೆಳಗಾದರೆ ಅವರಮ್ಮ ಒಲೆಯ ಮುಂದೆ. ತಂಗಿಯ ತಲೆ ಬಾಚುವ ಕೆಲಸ ಅಕ್ಕನದು.

ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ನೋಯುವ ಮಂಡಿಗಳನ್ನು ಮೆಲ್ಲಗೆ ಮಡಚಿ ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಕುತ್ತಿಗೆಯವರೆಗೆ ಮಾತ್ರ ಇರುವ ಆ ಬಿಳಿ ಕೂದಲಲ್ಲಿ ಅಮ್ಮ ಬೆರಳಿನಿಂದಲೇ ಬೈತಲೆ ತೆಗೆದಳು.

"ಒಂದು ಜಡೆಯಾ, ಎರಡಾ?"

ಚಿಕ್ಕಮ್ಮ ಕಣ್ಣು ಮುಚ್ಚಿದಳು.

"ನಿನಗೆ ಹೇಗೆ ಬೇಕೋ ಹಾಗೆ ಹಾಕು, ಅಕ್ಕ."