ಮುನ್ನೂರು ತೂತಿನ ಒಲೆ

ನಮ್ಮಣ್ಣ ಎಂಥ ಮನುಷ್ಯನಾಗಿದ್ದ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ನೆಟ್ಟಗಿದ್ದ ಒಂದು ವಸ್ತುವನ್ನೂ ತೂತು ಮಾಡದೆ ಬಿಟ್ಟವನಲ್ಲ! ಇದು ಬೈಗುಳವಲ್ಲ, ಅವನ ವಿದ್ಯೆ. ಐಟಿಐ ಓದಿದವನು ಹದಿನೆಂಟು ವರ್ಷ ದೂರದ ಊರಿನ ಒಂದು ಕಾರ್ಖಾನೆಯಲ್ಲಿ ಗ್ಯಾಸ್ ಟರ್ಬೈನ್ ರಿಪೇರಿ ಮಾಡಿದ. ಟರ್ಬೈನ್ ಎಂದರೆ ವಿದ್ಯುತ್ ಹುಟ್ಟಿಸುವ ದೊಡ್ಡ ಯಂತ್ರ, ವಿಮಾನದ ಎಂಜಿನ್ನಿನ ದಾಯಾದಿ. ಅದರೊಳಗೆ ಬೆಂಕಿ ಉರಿಯಲೆಂದೇ ಒಂದು ತಗಡಿನ ಕೊಳವೆ ಇರುತ್ತದಂತೆ. ಬೆಂಕಿ ಎಷ್ಟು ಬಿಸಿ ಎಂದರೆ ಆ ತಗಡನ್ನೇ ಕರಗಿಸಿಬಿಡುವಷ್ಟು! ಆದರೂ ತಗಡು ಕರಗುವುದಿಲ್ಲ. ಏಕೆ? ಅದರ ತುಂಬ ಸಣ್ಣ ಸಣ್ಣ ತೂತು. ಹೊರಗಿನ ಗಾಳಿ ಆ ತೂತುಗಳಿಂದ ಓರೆಯಾಗಿ ಒಳಗೆ ನುಗ್ಗಿ, ಬೆಂಕಿಗೂ ತಗಡಿಗೂ ನಡುವೆ ತೆಳ್ಳನೆಯ ಪರದೆಯಂತೆ ಹರಡಿಕೊಳ್ಳುತ್ತದೆ. ಆ ತೂತುಗಳಲ್ಲಿ ಒಂದೂ ಮುಚ್ಚಿಲ್ಲ ಎಂದು ನೋಡುವುದೇ ಅಣ್ಣನ ಕೆಲಸ. ಹದಿನೆಂಟು ವರ್ಷ ತೂತು ನೋಡಿದವನಿಗೆ ತೂತಿಲ್ಲದ ಲೋಕ ಹೇಗೆ ಹಿಡಿಸೀತು, ನೀವೇ ಹೇಳಿ?

ಕೆಲಸ ಬಿಟ್ಟು ಕೊಪ್ಪಕ್ಕೆ ಬಂದು, ಅತ್ತಿಗೆಯ ಚಹಾ ಹೋಟೆಲಿನ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಹಾಕಿದ. ಮೊದಲ ಬಲಿ ಹೆಲ್ಮೆಟ್. ತಲೆಗೆ ಗಾಳಿ ಆಡಲಿ ಎಂದು ಡ್ರಿಲ್ ಹಿಡಿದು ಅದಕ್ಕೆ ಇಪ್ಪತ್ತು ತೂತು ಕೊರೆದ. ನರಸಿಂಹರಾಜಪುರದಲ್ಲಿ ಪೊಲೀಸಿನವರು ಗಾಡಿ ನಿಲ್ಲಿಸಿದರು.

"ಇದೆಂತ ಮಾರಾಯ, ಗುಂಡು ಬಿದ್ದಿದ್ದಾ?"

"ಅಲ್ಲ ಸಾರ್, ತಲೆ ತಣ್ಣಗಿರ್ಲಿ ಅಂತ."

"ಅದು ಆಗ್ಲೇ ತಣ್ಣಗಾಗಿ ಹೋಗಿದೆ ಅಂತ ಕಾಣ್ತದೆ!"

ಹಿಂದೆ ಕೂತಿದ್ದ ನನ್ನ ಮುಖವನ್ನೂ ಅವರು ಅದೇ ಅನುಮಾನದಿಂದ ನೋಡಿದರು.

ಇಷ್ಟರವರೆಗೆ ನಗಬಹುದಿತ್ತು. ನಗಲಾಗದ ವಿಷಯವೆಂದರೆ ಅತ್ತಿಗೆಯ ಬಲಗೈ. ಹೋಟೆಲಿನ ಸೌದೆ ಒಲೆ ಹಳೆಯ ಕಬ್ಬಿಣದ ಡ್ರಮ್ಮಿನದು. ಬೋಂಡ ಬಿಡಲು ಬಗ್ಗಿದಾಗೆಲ್ಲ ಕೈ ಅದಕ್ಕೆ ತಾಗುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟ ಕಲೆ. ಒಂದು ಸಲ ಗಾಯ ಕೀವಾಯಿತು, ಡಾಕ್ಟರು ಗದರಿದರು: "ಇನ್ನೊಂದ್ಸಲ ಇಲ್ಲೇ ಸುಟ್ಕೊಂಡ್ರೆ ಕೈ ಮಡಿಸೋಕೆ ಬರಲ್ಲಮ್ಮ." ಒಲೆ ಬಿಡಿ ಎಂದರೆ ಅತ್ತಿಗೆ ಬಿಡುವವರಲ್ಲ. ಸೌದೆ ಒಲೆಯ ಚಹಾ ಕುಡಿಯಲೆಂದೇ ಜನ ಬರುತ್ತಿದ್ದರು.

ಆಟೋ ಹತ್ತಿದ ಮೇಲೆ ಅಣ್ಣ ಶುರು ಮಾಡಿದ: "ಒಳಗೊಂದು ಡ್ರಮ್ಮು, ಹೊರಗೊಂದು ಡ್ರಮ್ಮು. ನಡುವೆ ಬ್ಲೋವರ್ ಗಾಳಿ. ಒಳಗಿಂದಕ್ಕೆ ಮುನ್ನೂರು ತೂತು!"

ಅತ್ತಿಗೆ ನನ್ನ ಕಡೆ ತಿರುಗಿದರು. "ನೋಡು, ಬೆಂಕಿ ತಾಗಿದ್ದು ನನ್ನ ಕೈಗೆ, ಹೊತ್ಕೊಂಡಿದ್ದು ಇವರ ತಲೆಗೆ."

ಒಲೆ ತಯಾರಾಯಿತು. ಅಣ್ಣ ಬ್ಲೋವರಿನ ಸ್ವಿಚ್ ಒತ್ತಿದ. ಕಾರ್ಖಾನೆಯ ಅಂದಾಜಿನಲ್ಲಿ ಒತ್ತಿದನೋ ಏನೋ, ಒಲೆಯೊಳಗಿದ್ದ ಬೂದಿಯೆಲ್ಲ ಒಮ್ಮೆಲೇ ಎದ್ದು ಹೋಟೆಲಿನ ತುಂಬ ಹಾರಿತು! ಬೆಂಚಿನ ಮೇಲಿದ್ದವರೆಲ್ಲ ಹಣೆಯಿಂದ ಹೊಟ್ಟೆಯವರೆಗೆ ಬೆಳ್ಳಗಾದರು. ಭಂಡಿಗಡಿಯಿಂದ ಬಂದಿದ್ದ ಹಿರಿಯರೊಬ್ಬರು ಲೋಟದೊಳಗೆ ನೋಡಿ ಹೇಳಿದರು: "ಒಂದ್ ಚಹಾ ಕೇಳಿದ್ರೆ ದೀಕ್ಷೆನೇ ಕೊಟ್ಟು ಕಳಿಸ್ತೀರಲ್ಲ ಮಾರಾಯ್ರೆ!"

ಗಾಳಿ ತಗ್ಗಿಸಿದ. ತೂತುಗಳ ಓರೆ ಬದಲಿಸಿದ. ಮತ್ತೊಂದು ಡ್ರಮ್ಮು, ಮತ್ತೆ ಮುನ್ನೂರು. ನಾಲ್ಕನೆಯದು ಗೆದ್ದಿತು. ಗೆದ್ದದ್ದು ನಮಗೆ ತಿಳಿದದ್ದು ಹೇಗೆಂದರೆ, ಧಗಧಗ ಉರಿಯುವ ಒಲೆಗೆ ಬೆನ್ನು ಕೊಟ್ಟು ಹೋಟೆಲಿನ ಬೆಕ್ಕು ನಿದ್ದೆ ಹೋಗಿತ್ತು!

ಆಮೇಲೆ ಸೋಮವಾರ ಬಂತು. ನಮ್ಮ ಮನೆಗಳಲ್ಲಿ ಸೋಮವಾರ ಒಲೆ ಸಾರಿಸಿ, ವಿಭೂತಿ ಎಳೆದು, ಆಮೇಲೆಯೇ ಬೆಂಕಿ ಹಾಕುವುದು. ಅತ್ತಿಗೆ ಕೆಮ್ಮಣ್ಣು ಕಲಸಿ ಒಲೆಯ ಒಳಗೂ ಹೊರಗೂ ಚೆನ್ನಾಗಿ ಮೆತ್ತಿದರು. ತೂತೊಂದೂ ಕಾಣದ ಹಾಗೆ! ಬೆಂಕಿ ಹಾಕಿದ ಸ್ವಲ್ಪ ಹೊತ್ತಿಗೆ ಒಳಗೆ ಮೆತ್ತಿದ ಮಣ್ಣು ಚಕ್ಕೆ ಚಕ್ಕೆಯಾಗಿ ಉದುರಿತು, ತೂತಿನೊಳಗೆ ಹೊಕ್ಕ ಮಣ್ಣು ಮಾತ್ರ ಅಲ್ಲೇ ಕೂತಿತು. ಒಳಗಿನ ತಗಡು ಕೆಂಪಗಾಗಿ ಉಬ್ಬಿ ಹೊರಗಿನದಕ್ಕೆ ಅಂಟಿಕೊಂಡಿತು. ಕೈ ಚಾಚಿದ್ದ ಅತ್ತಿಗೆಯನ್ನು ಅಣ್ಣ ಹಿಂದಕ್ಕೆ ಎಳೆದ. ಎರಡು ಬೆರಳಿನಷ್ಟೇ ಅಂತರ.

"ಯಾರು ಮುಚ್ಚಿದ್ದು?"

"ನಾನೇ. ಹೊಸ ಒಲೆ, ಒಳಗೆಲ್ಲ ತೂತು. ನೋಡೋಕೆ ಒಂಥರಾ ಆಯ್ತು."

"ತೂತು ಮುಚ್ಚಿದ್ರೆ ವಿಮಾನವೇ ಕೆಳಗೆ ಬೀಳ್ತದೆ ಮಾರಾಯ್ತಿ!"

"ನಾನು ಬೋಂಡ ಕರಿಯೋಳು ರೀ. ವಿಮಾನ ಹಾರಿಸೋಳಲ್ಲ."

ಆದರೂ ಸಾರಿಸಬೇಡ ಎಂದು ಅಣ್ಣ ಹೇಳಲಿಲ್ಲ. ಐದನೆಯ ಡ್ರಮ್ಮು ಕೂರಿಸಿ, ಮುಂದಿನ ಸೋಮವಾರದಿಂದ ಸಾರಿಸುವ ಕೆಲಸವನ್ನು ತಾನೇ ವಹಿಸಿಕೊಂಡ! ಬೆರಳ ತುದಿಯಲ್ಲಿ ಚೂರೇ ಚೂರು ಮಣ್ಣು ತೆಗೆದುಕೊಂಡು, ಮುನ್ನೂರು ತೂತುಗಳ ಸುತ್ತ, ಒಂದಕ್ಕೂ ತಾಗದ ಹಾಗೆ. ಕುಂಕುಮ ಇಡುವವರೂ ಅಷ್ಟು ಜಾಗ್ರತೆ ಮಾಡಲಿಕ್ಕಿಲ್ಲ. ಮುಗಿಯುವಷ್ಟರಲ್ಲಿ ಗಿರಾಕಿಗಳು ಆಕಳಿಸುತ್ತಿದ್ದರು.

"ಎಂತ ಮಾರಾಯ, ಹೆಂಗಸ್ರ ಕೆಲ್ಸಕ್ಕೆ ಇಳಿದ್ಯಾ?"

"ಮೇಂಟೆನೆನ್ಸ್!" ಎನ್ನುತ್ತಿದ್ದ, ತಲೆ ಎತ್ತದೆ.

ಆರು ವರ್ಷ ಹೀಗೆ ನಡೆಯಿತು.

ಈ ಸಲ ಚೌತಿಗೆ ಮುಂಚೆ ಅಣ್ಣನಿಗೆ ಎದೆನೋವು ಬಂತು. ಶಿವಮೊಗ್ಗದ ಆಸ್ಪತ್ರೆಗೆಂದು ಹೊರಟ ಗಾಡಿ ನರಸಿಂಹರಾಜಪುರ ದಾಟುವಷ್ಟರಲ್ಲಿ ಅವನು ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ನೆಂಟರು ಹೇಳಿದರು, ಇನ್ನು ಆ ಒಲೆ ನೋಡಿಕೊಳ್ಳುವವರು ಯಾರು, ಗ್ಯಾಸ್ ಹಾಕಿಸಿಬಿಡಿ ಎಂದು. ಅತ್ತಿಗೆ ಹೋಟೆಲು ಮತ್ತೆ ತೆರೆದ ದಿನ ನಾನು ಜೊತೆಗಿದ್ದೆ. ಸೌದೆ ಒಟ್ಟಿ ಬೆಂಕಿ ಹಾಕಿ, ಬ್ಲೋವರಿನ ಸ್ವಿಚ್ ಒತ್ತಿದರು. ಉರಿ ಚೆನ್ನಾಗಿ ಎದ್ದಿತು. ಬಾಣಲೆ ಇಡಲಿಲ್ಲ. ಸೆರಗು ಸರಿಸಿ, ಬಲಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೂ ಒಲೆಗೆ ಒರಗಿಸಿ ನಿಂತುಬಿಟ್ಟರು.

ನನಗೆ ಗಾಬರಿಯಾಯಿತು. "ಅತ್ತಿಗೆ, ಸುಡ್ತದೆ!"

"ಸುಡಲ್ಲ ಬಿಡು," ಅಂದರು. ಕೈ ತೆಗೆಯಲಿಲ್ಲ. "ಮನುಷ್ಯರ ಮೈ ಬೆಚ್ಚಗಿರ್ತದಲ್ಲ, ಅಷ್ಟೇ ಬಿಸಿ ಇದೆ."